ಆರನೆಯ ಪ್ರಶ್ನೆ, ಎರಡನೆಯ ಪರೀಕ್ಷೆ

ಪರೀಕ್ಷೆಯಲ್ಲಿ ನಪಾಸಾದ ಮಕ್ಕಳ ಮನೆಗೆ ಎಚ್ಚರಿಕೆಯ ಪತ್ರ ಹೋಗುವುದು ಎಲ್ಲ ಕಡೆಯೂ ಉಂಟು. ಪಾಸಾದ ತಪ್ಪಿಗೆ ಪತ್ರ ಬಂದ ಪ್ರಸಂಗ ಅಪರೂಪ. 1982ರ ಬೇಸಿಗೆಯಲ್ಲಿ ಅಮೆರಿಕದ ಪೂರ್ವ ಲಾಸ್ ಏಂಜಲೀಸಿನ ಗಾರ್‌ಫೀಲ್ಡ್ ಹೈಸ್ಕೂಲಿನ ಹದಿನಾಲ್ಕು ವಿದ್ಯಾರ್ಥಿಗಳಿಗೆ ಅಂಥ ಪತ್ರ ಬಂತು. ಆ ವರ್ಷ ಮೇ ತಿಂಗಳಲ್ಲಿ ಆ ಶಾಲೆಯ ಹದಿನೆಂಟು ಮಂದಿ ಕಲನಶಾಸ್ತ್ರದ, ಎಂದರೆ ಕ್ಯಾಲ್ಕುಲಸ್ಸಿನ, ಪರೀಕ್ಷೆಗೆ ಕುಳಿತಿದ್ದರು. ಹದಿನೆಂಟೂ ಮಂದಿ ತೇರ್ಗಡೆಯಾಗಿದ್ದರು. ಅವರಲ್ಲಿ ಹದಿನಾಲ್ಕು ಜನರ ಉತ್ತರಗಳ ಮೇಲೆ ನಮಗೆ ಅನುಮಾನವಿದೆ, ಅಂಕಗಳನ್ನು ಬಿಟ್ಟುಕೊಡಿ, ಇಲ್ಲವೇ ಇನ್ನೊಮ್ಮೆ ಪರೀಕ್ಷೆ ಬರೆಯಿರಿ ಎಂಬುದು ಪತ್ರದ ಸಾರಾಂಶ. ಪತ್ರ ಬರೆದದ್ದು ನ್ಯೂಜೆರ್ಸಿ ರಾಜ್ಯದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ಆಗ ಆ ದೇಶದ ಅನೇಕ ಪ್ರವೇಶ ಪರೀಕ್ಷೆಗಳನ್ನು ನಡೆಸುತ್ತಿದ್ದ ಸಂಸ್ಥೆ.

ಮುಂದೆ ಇದು ಪುಸ್ತಕವಾಯಿತು, ಸಿನಿಮಾ ಆಯಿತು, ಶಿಕ್ಷಕರ ಸಭೆಗಳಲ್ಲಿ ಉದಾಹರಣೆಯೂ ಆಯಿತು. ಉದಾಹರಣೆಯಾಗಿ ಹೇಳುವವರು ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುತ್ತಾರೆ. ಉಳಿದರ್ಧ ಹೆಚ್ಚು ಸ್ವಾರಸ್ಯದ್ದು.

ಮೊದಲು ಪರೀಕ್ಷೆ ಯಾವುದೆಂದು ನೋಡೋಣ. ಅಮೆರಿಕದಲ್ಲಿ ಹೈಸ್ಕೂಲು ಹನ್ನೆರಡನೆಯ ತರಗತಿಯವರೆಗೆ ನಡೆಯುತ್ತದೆ. ಆದ್ದರಿಂದ ಅಲ್ಲಿ ಹೈಸ್ಕೂಲು ಮುಗಿಸಿ ಹೊರಬೀಳುವ ತಂಡವೆಂದರೆ ವಯಸ್ಸಿನಲ್ಲಿ ನಮ್ಮ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಸಮ. ನಮ್ಮಲ್ಲಿ ಗಣಿತ ತೆಗೆದುಕೊಂಡ ಪಿ.ಯು.ಸಿ. ಹುಡುಗರೆಲ್ಲ ಅವಕಲನ, ಅನುಕಲನಗಳನ್ನು ಕಲಿಯಲೇಬೇಕು, ಬೇಡವೆಂದರೆ ಬಿಡುವವರಿಲ್ಲ. ಅಲ್ಲಿ ಹಾಗಲ್ಲ. ಕಲನಶಾಸ್ತ್ರವನ್ನು ಕಾಲೇಜಿನ ವಿಷಯವೆಂದೇ ಎಣಿಸುತ್ತಿದ್ದರು. ಹೈಸ್ಕೂಲಿನಲ್ಲೇ ಕಲಿತು, ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಪರೀಕ್ಷೆ ಪಾಸು ಮಾಡಿದವರಿಗೆ ಅನೇಕ ಕಾಲೇಜುಗಳು ಆ ವಿಷಯವನ್ನು ಮತ್ತೆ ಓದುವುದರಿಂದ ವಿನಾಯಿತಿ ಕೊಡುತ್ತಿದ್ದವು. ಆ ಮಟ್ಟಿಗೆ ಕಾಲೇಜಿನ ಶುಲ್ಕವೂ ಉಳಿಯುತ್ತಿತ್ತು. ಇದು ಕಡ್ಡಾಯದ ಪರೀಕ್ಷೆಯಲ್ಲ. ಬೇಕಾದವರು ಹಣ ಕಟ್ಟಿ ಬರೆಯಬೇಕು. ಅಂಕಗಳು ಒಂದರಿಂದ ಐದರವರೆಗೆ. ಮೂರು ಬಂದರೆ ತೇರ್ಗಡೆ, ಐದು ಬಂದರೆ ಬಹಳ ದೊಡ್ಡದು.

ಇಂಥ ಪರೀಕ್ಷೆಗೆ ಮಕ್ಕಳನ್ನು ಕಳುಹಿಸುತ್ತಿದ್ದುದು ಸಾಮಾನ್ಯವಾಗಿ ಸ್ಥಿತಿವಂತರ ಬಡಾವಣೆಗಳ ಶಾಲೆಗಳು. ಗಾರ್‌ಫೀಲ್ಡ್ ಅಂಥದ್ದಲ್ಲ. 1925ರಲ್ಲಿ ಆರಂಭವಾಗಿ, ಆ ದೇಶದ ಅಧ್ಯಕ್ಷರಾಗಿದ್ದ ಜೇಮ್ಸ್ ಗಾರ್‌ಫೀಲ್ಡ್‌ರ ಹೆಸರು ಪಡೆದ ಈ ಸರ್ಕಾರಿ ಶಾಲೆಯ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವರು ಮೆಕ್ಸಿಕೊ ಮೂಲದವರು. ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್. ಕೂಲಿನಾಲಿ ಮಾಡಿ ಬದುಕುವ ತಂದೆತಾಯಿಗಳು. ಹಲವರಿಗೆ ಹೈಸ್ಕೂಲಿನ ಮೆಟ್ಟಿಲು ಹತ್ತಿಯೂ ಗೊತ್ತಿಲ್ಲ. 1968ರ ಮಾರ್ಚ್ ತಿಂಗಳಲ್ಲಿ ಪೂರ್ವ ಲಾಸ್ ಏಂಜಲೀಸಿನ ಸಾವಿರಾರು ವಿದ್ಯಾರ್ಥಿಗಳು ತಮಗೆ ಸರಿಯಾದ ವಿದ್ಯೆ ಕಲಿಸುತ್ತಿಲ್ಲವೆಂದು ತರಗತಿ ಬಿಟ್ಟು ಬೀದಿಗೆ ಬಂದರು. ಗಾರ್‌ಫೀಲ್ಡಿನ ಮಕ್ಕಳೂ ಅದರಲ್ಲಿದ್ದರು. ಪಾಠ ಬೇಡವೆಂದು ಮುಷ್ಕರ ಹೂಡುವ ಹುಡುಗರನ್ನು ಎಲ್ಲರೂ ಕಂಡಿದ್ದಾರೆ. ಒಳ್ಳೆಯ ಪಾಠ ಬೇಕೆಂದು ಹೂಡಿದ ಮುಷ್ಕರವದು.

ಅದಾಗಿ ಆರು ವರ್ಷಕ್ಕೆ, 1974ರಲ್ಲಿ, ಈ ಶಾಲೆಗೆ ಒಬ್ಬ ಗಣಿತದ ಅಧ್ಯಾಪಕರು ಬಂದರು. ಹೆಸರು ಹೈಮೆ ಎಸ್ಕಲಾಂಟೆ. ವಯಸ್ಸು ಆಗಲೇ ನಲವತ್ತು ದಾಟಿತ್ತು. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಲಾಪಾಸ್‌ನಲ್ಲಿ 1930ರಲ್ಲಿ ಹುಟ್ಟಿದವರು. ತಂದೆ ತಾಯಿ ಇಬ್ಬರೂ ಉಪಾಧ್ಯಾಯರು. ಅವರೂ ತಮ್ಮ ಊರಿನಲ್ಲಿ ಹತ್ತಾರು ವರ್ಷ ಗಣಿತ, ಭೌತಶಾಸ್ತ್ರ ಕಲಿಸಿ ಹೆಸರಾಗಿದ್ದವರು. ಮೂವತ್ತು ದಾಟಿದ ಮೇಲೆ ಸಂಸಾರ ಕಟ್ಟಿಕೊಂಡು ಅಮೆರಿಕಕ್ಕೆ ಹೋದರು. ಇಂಗ್ಲಿಷ್ ಬಾರದು. ಬೊಲಿವಿಯಾದ ಪದವಿಗೆ ಅಲ್ಲಿ ಬೆಲೆಯಿಲ್ಲ. ಒಂದು ಹೋಟೆಲಿನಲ್ಲಿ ನೆಲ ಒರೆಸಿದರು, ಆಮೇಲೆ ಅಲ್ಲಿಯೇ ಅಡಿಗೆಯವರಾದರು. ಬರೋಸ್ ಎಂಬ ಕಂಪ್ಯೂಟರ್ ಕಂಪೆನಿಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಸಿಕ್ಕಿತು. ಹಗಲು ಕೆಲಸ, ರಾತ್ರಿ ಕಾಲೇಜು. ಹಿಂದೆ ಕಲಿಸಿದ್ದ ವಿಷಯಗಳನ್ನೇ ಮತ್ತೆ ವಿದ್ಯಾರ್ಥಿಯಾಗಿ ಕುಳಿತು ಕೇಳಿ ಪದವಿ ಪಡೆದರು. ಅಧ್ಯಾಪಕರಾಗಲು ಬೇಕಾದ ಅರ್ಹತೆಪತ್ರ ಕೈಗೆ ಬಂದಾಗ ಬರೋಸ್ ಕೆಲಸ ಬಿಟ್ಟು, ಕಡಿಮೆ ಸಂಬಳಕ್ಕೆ ಶಾಲೆ ಸೇರಿದರು. ಹತ್ತು ವರ್ಷದ ಸುತ್ತು ಹಾಕಿ ಹೊರಟಲ್ಲಿಗೇ ಬಂದಂತಾಯಿತು.

ಕಂಪ್ಯೂಟರ್ ಕಲಿಸುವ ಹುದ್ದೆ ಎಂದು ನಂಬಿ ಬಂದಿದ್ದರು. ಬಂದು ನೋಡಿದರೆ ಶಾಲೆಯಲ್ಲಿ ಕಂಪ್ಯೂಟರೇ ಇಲ್ಲ. ಕೈಗೆ ಸಿಕ್ಕಿದ್ದು ಕೂಡುವ ಕಳೆಯುವ ಲೆಕ್ಕದ ತರಗತಿಗಳು. ಬೊಲಿವಿಯಾದಲ್ಲಿ ಸಣ್ಣ ಮಕ್ಕಳು ಮಾಡುವ ಲೆಕ್ಕವನ್ನು ಇಲ್ಲಿ ಮೀಸೆ ಮೂಡಿದ ಹುಡುಗರಿಗೆ ಹೇಳಬೇಕು; ಅದನ್ನೂ ಅವರು ಕೇಳುವುದಿಲ್ಲ. ಎಸ್ಕಲಾಂಟೆಯವರು ಬರೋಸ್ ಕಂಪೆನಿಗೆ ಫೋನು ಮಾಡಿ ಹಳೆಯ ಕೆಲಸವನ್ನು ತಿರುಗಿ ಕೊಡುತ್ತೀರಾ ಎಂದು ಕೇಳಿದ್ದೂ ಉಂಟು. ಅಷ್ಟರಲ್ಲಿ ಬೀಜಗಣಿತ ಕಲಿಯಲು ಹನ್ನೆರಡು ಮಂದಿ ಒಪ್ಪಿದರು. ಹನ್ನೆರಡು ಸಾಕೆನಿಸಿತು, ಉಳಿದರು.

ಇದೇ ಹೊತ್ತಿಗೆ ಶಾಲೆಗೇ ಕುತ್ತು ಬಂತು. ಮಟ್ಟ ಸಾಲದೆಂದು ಶಾಲೆಯ ಮಾನ್ಯತೆ ತೆಗೆಯುವ ಮಾತು ಹೊರಟಿತು. ಇಂಥ ಹೊತ್ತಿನಲ್ಲಿ ಪಾಠವನ್ನು ಇನ್ನಷ್ಟು ಸುಲಭ ಮಾಡಿ ಪಾಸಾಗುವವರ ಸಂಖ್ಯೆ ಹೆಚ್ಚಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಎಸ್ಕಲಾಂಟೆಯವರಿಗೆ ಹೊಳೆದದ್ದು ಅದರ ತದ್ವಿರುದ್ಧ: ಅತ್ಯಂತ ಕಷ್ಟದ ಪಾಠವನ್ನೇ ತರುವುದು. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಹುಚ್ಚಾಟವೆನಿಸಿತು. ಒಬ್ಬ ಮೇಲಧಿಕಾರಿಯಂತೂ ಕೆಲಸದಿಂದ ತೆಗೆಯುವ ಬೆದರಿಕೆ ಹಾಕಿದರು. ಆರೋಪಗಳೇನೆಂದರೆ, ಬೆಳಿಗ್ಗೆ ತೀರಾ ಬೇಗ ಬರುತ್ತಾರೆ, ಸಂಜೆ ತೀರಾ ತಡವಾಗಿ ಹೋಗುತ್ತಾರೆ, ಪರೀಕ್ಷಾ ಶುಲ್ಕಕ್ಕೆಂದು ಅಪ್ಪಣೆಯಿಲ್ಲದೆ ಹಣ ಕೂಡಿಸುತ್ತಾರೆ! ನೌಕರಿಯಲ್ಲಿ ಎಷ್ಟೋ ಬಗೆಯ ಆರೋಪಪಟ್ಟಿಗಳಿರುತ್ತವೆ. ಇಂಥದ್ದು ಸಿಗಬೇಕಾದರೆ ಪುಣ್ಯ ಮಾಡಿರಬೇಕು.

ಈ ಕಾಲ ಕಳೆದು, ಹೆನ್ರಿ ಗ್ರಾದಿಯಾಸ್ ಎಂಬವರು ಪ್ರಿನ್ಸಿಪಾಲರಾಗಿ ಬಂದ ಮೇಲೆ ಗಾಳಿ ಬದಲಾಯಿತು. ಸಾಧಾರಣ ಅಂಕವನ್ನಾದರೂ ತೆಗೆಯದವರಿಗೆ ಆಟೋಟ, ಮನರಂಜನೆಗಳ ಅವಕಾಶವಿಲ್ಲವೆಂದರು. ಬರೀ ಕೂಡು-ಕಳೆ ಲೆಕ್ಕದಲ್ಲೇ ವರ್ಷ ಕಳೆಯುವವರು ಬೀಜಗಣಿತವನ್ನೂ ತೆಗೆದುಕೊಳ್ಳಬೇಕೆಂದರು. ಎಸ್ಕಲಾಂಟೆಯವರ ಹೆಸರು ಕೇಳಿದವರೆಲ್ಲ ಗ್ರಾದಿಯಾಸರ ಹೆಸರು ಕೇಳಿರುವುದಿಲ್ಲ. ಆದರೆ ಬಾಗಿಲು ತೆರೆದು ಹಿಡಿದವರು ಅವರೇ.

ಕಲನಶಾಸ್ತ್ರದ ಮೊದಲ ತರಗತಿ ಶುರುವಾದದ್ದು 1978ರಲ್ಲಿ. ವರ್ಷದ ಕೊನೆಗೆ ತರಗತಿಯಲ್ಲಿ ಉಳಿದವರು ಐವರು, 1979ರ ಪರೀಕ್ಷೆಯಲ್ಲಿ ಪಾಸಾದವರು ಇಬ್ಬರು. ಮರುವರ್ಷ ಒಂಬತ್ತರಲ್ಲಿ ಏಳು. 1981ರಲ್ಲಿ ಹದಿನೈದರಲ್ಲಿ ಹದಿನಾಲ್ಕು. ಈ ಮೂರು ವರ್ಷ ಯಾವ ಪತ್ರವೂ ಬರಲಿಲ್ಲ, ಯಾವ ವರದಿಗಾರನೂ ಬರಲಿಲ್ಲ.

ಆ ತರಗತಿಗೆ ಸೇರಬೇಕಾದರೆ ವಿದ್ಯಾರ್ಥಿ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ತಂದೆಯೋ ತಾಯಿಯೋ ಕೂಡ ಸಹಿ ಹಾಕಬೇಕಿತ್ತು. ಶಾಲೆ ಶುರುವಾಗುವ ಮೊದಲೂ ಪಾಠ, ಬಿಟ್ಟ ಮೇಲೂ ಪಾಠ, ಶನಿವಾರವೂ ಪಾಠ, ದಿನವೂ ಸಣ್ಣ ಪರೀಕ್ಷೆ. ಮನೆಲೆಕ್ಕದ ಒಂದು ಪ್ರಶ್ನೆಗೆ ಉತ್ತರ ಹೇಳಿದ ಮೇಲೆಯೇ ತರಗತಿಯೊಳಗೆ ಪ್ರವೇಶ. ಬೇಸಿಗೆ ರಜೆಯಲ್ಲಿ ಈಸ್ಟ್ ಲಾಸ್ ಏಂಜಲೀಸ್ ಕಾಲೇಜಿನಲ್ಲಿ ಬೀಜಗಣಿತ, ತ್ರಿಕೋನಮಿತಿಗಳ ವಿಶೇಷ ತರಗತಿ. ಇಷ್ಟೆಲ್ಲ ಬಿಗಿಯ ನಡುವೆ ತಮಾಷೆಗೂ ಕೊರತೆಯಿರಲಿಲ್ಲ. ಅಡಿಗೆಯವರ ಟೋಪಿ ಹಾಕಿ ಬಂದು, ಕತ್ತಿಯಿಂದ ಸೇಬು ಕತ್ತರಿಸಿ ಭಿನ್ನರಾಶಿ ಹೇಳಿಕೊಟ್ಟವರು ಎಸ್ಕಲಾಂಟೆ. ಹೋಟೆಲಿನ ಅನುಭವ ವ್ಯರ್ಥವಾಗಲಿಲ್ಲ. ಬ್ಯಾಸ್ಕೆಟ್‌ಬಾಲಿನ ಮಾತುಗಳಲ್ಲಿ ಬೀಜಗಣಿತದ ಮಜಲುಗಳನ್ನು ವಿವರಿಸುತ್ತಿದ್ದರು. ಅವರ ಬಾಯಲ್ಲಿ ಸದಾ ಇದ್ದ ಒಂದು ಸ್ಪ್ಯಾನಿಷ್ ಮಾತು ‘ಗಾನಾಸ್’. ನಮ್ಮ ‘ಛಲ’ಕ್ಕೆ ಹತ್ತಿರದ್ದು, ಅದರಲ್ಲಿ ಸ್ವಲ್ಪ ಆಸೆಯೂ ಬೆರೆತದ್ದು. ಬುದ್ಧಿ ಎಷ್ಟಿದೆ ಎಂದು ಅವರು ಕೇಳುತ್ತಿರಲಿಲ್ಲ, ಗಾನಾಸ್ ಇದೆಯೇ ಎಂದು ಕೇಳುತ್ತಿದ್ದರು.

ಇನ್ನು 1982ರ ಪ್ರಶ್ನೆಪತ್ರಿಕೆಗೆ ಬರೋಣ. ಅದರಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಐದು ಉತ್ತರಗಳಿಂದ ಒಂದನ್ನು ಆರಿಸುವ ಪ್ರಶ್ನೆಗಳು. ಎರಡನೆಯದರಲ್ಲಿ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ ತೋರಿಸುವ ಪ್ರಶ್ನೆಗಳು. ಈ ಎರಡನೆಯ ಭಾಗದ ಆರನೆಯ ಪ್ರಶ್ನೆ ಮುಂದೆ ದೊಡ್ಡ ಗದ್ದಲಕ್ಕೆ ಕಾರಣವಾದ್ದರಿಂದ ಅದನ್ನು ನೋಡಲೇಬೇಕು. ಮೇಲ್ಭಾಗ ತೆರೆದಿರುವ ಒಂದು ತೊಟ್ಟಿ ಕಟ್ಟಬೇಕು. ತಳವೂ ಗೋಡೆಗಳೂ ಆಯತಾಕಾರ. ಅಗಲ 4 ಮೀಟರ್, ಹಿಡಿಸುವ ಗಾತ್ರ 36 ಘನ ಮೀಟರ್. ತಳಕ್ಕೆ ಚದರ ಮೀಟರಿಗೆ 10 ಡಾಲರ್ ಖರ್ಚು, ಗೋಡೆಗೆ ಚದರ ಮೀಟರಿಗೆ 5 ಡಾಲರ್. ಅತಿ ಕಡಿಮೆ ಖರ್ಚಿನಲ್ಲಿ ಮುಗಿಯುವ ತೊಟ್ಟಿಯ ಬೆಲೆ ಎಷ್ಟು?

ಪೆನ್ಸಿಲು ಹಿಡಿದು ಕೂರುವ ಓದುಗರಿಗೆ ಇದು ಕಷ್ಟವಲ್ಲ. ಗಾತ್ರ 36, ಅಗಲ 4 ಆದ್ದರಿಂದ ಉದ್ದವನ್ನೂ ಎತ್ತರವನ್ನೂ ಗುಣಿಸಿದರೆ 9 ಬರಬೇಕು. ತಳದ ಖರ್ಚು ಉದ್ದದ 40 ಪಟ್ಟು. ಅಗಲದ ಕಡೆಯ ಎರಡು ಗೋಡೆಗಳ ಖರ್ಚು ಎತ್ತರದ 40 ಪಟ್ಟು. ಉದ್ದದ ಕಡೆಯ ಎರಡು ಗೋಡೆಗಳು ಸೇರಿ ಯಾವಾಗಲೂ 18 ಚದರ ಮೀಟರ್, ಆದ್ದರಿಂದ ಅವುಗಳ 90 ಡಾಲರ್ ಬದಲಾಗುವುದೇ ಇಲ್ಲ. ಎಂದರೆ ಉದ್ದ ಮತ್ತು ಎತ್ತರ ಕೂಡಿದಾಗ ಬರುವ ಮೊತ್ತ ಆದಷ್ಟೂ ಚಿಕ್ಕದಿರಬೇಕು, ಅಷ್ಟೆ. ಉದ್ದ 9, ಎತ್ತರ 1 ಆದರೆ ಖರ್ಚು 490 ಡಾಲರ್. ಉದ್ದ ನಾಲ್ಕೂವರೆ, ಎತ್ತರ 2 ಆದರೆ 350. ಎರಡೂ 3 ಆದಾಗ 330. ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಇದನ್ನು ಹೀಗೆ ತಡಕಾಡಿ ಕಂಡುಹಿಡಿಯದೆ, ಇನ್ನು ಕೆಳಗಿಲ್ಲ ಎಂದು ನಿಶ್ಚಯವಾಗಿ ಹೇಳುವ ಸಾಧನವೇ ಅವಕಲನ. ತೊಟ್ಟಿ ಕಟ್ಟುವ ಮೇಸ್ತ್ರಿಗೆ ಇದು ಅಂದಾಜಿನಿಂದ ಗೊತ್ತಿರುತ್ತದೆ ಎಂಬುದು ಬೇರೆ ಮಾತು.

ಸಂಸ್ಥೆಯ ಕಣ್ಣಿಗೆ ಬಿದ್ದದ್ದು ಈ ತೊಟ್ಟಿ. ಹಲವು ಗಾರ್‌ಫೀಲ್ಡ್ ಉತ್ತರಪತ್ರಿಕೆಗಳಲ್ಲಿ ಈ ಲೆಕ್ಕ ಒಂದೇ ದಾರಿಯಲ್ಲಿ ಸಾಗಿ, ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿತ್ತು. ಅದರ ಜೊತೆಗೆ ಆರಿಸುವ ಪ್ರಶ್ನೆಗಳಲ್ಲಿಯೂ ತಪ್ಪು ಉತ್ತರಗಳು ಒಂದಕ್ಕೊಂದು ಹೊಂದುತ್ತಿದ್ದವು.

ತಪ್ಪು ಉತ್ತರಗಳನ್ನೇ ಏಕೆ ನೋಡುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಇಬ್ಬರ ಸರಿ ಉತ್ತರಗಳು ಒಂದೇ ಆಗಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ; ಚೆನ್ನಾಗಿ ಓದಿದ ಇಬ್ಬರು ಒಂದೇ ಉತ್ತರ ಬರೆಯಲೇಬೇಕು. ತಪ್ಪು ಹಾಗಲ್ಲ. ಐದು ಉತ್ತರಗಳಲ್ಲಿ ತಪ್ಪಾದವು ನಾಲ್ಕು. ಒಬ್ಬನು ಆರಿಸಿದ ತಪ್ಪನ್ನೇ ಇನ್ನೊಬ್ಬನೂ ಆರಿಸುವುದು ಒಂದೆರಡು ಸಲ ಆಕಸ್ಮಿಕ ಎನ್ನಬಹುದು. ಹತ್ತು ಸಲ ಹಾಗಾದರೆ ಪಕ್ಕದ ಬೆಂಚಿನ ಕಡೆ ಕಣ್ಣು ಹೋಗಿರಬೇಕು ಎಂಬುದು ಸಂಖ್ಯಾಶಾಸ್ತ್ರದ ವಾದ. ವಾದ ಗಟ್ಟಿಯಾದದ್ದೇ. ಆದರೆ ಅದಕ್ಕೊಂದು ಆಧಾರವಿದೆ, ಪರೀಕ್ಷೆ ಬರೆದವರು ಬೇರೆ ಬೇರೆ ಕಡೆ, ಬೇರೆ ಬೇರೆಯಾಗಿ ಕಲಿತವರು ಎಂಬುದು. ಹದಿನೆಂಟು ಮಂದಿ ಒಂದೇ ಅಧ್ಯಾಪಕರಿಂದ, ಒಂದೇ ಕೋಣೆಯಲ್ಲಿ, ಬೆಳಿಗ್ಗೆಯಿಂದ ಸಂಜೆಯವರೆಗೆ, ಒಂದೇ ಬಗೆಯ ಲೆಕ್ಕಗಳನ್ನು ಒಂದೇ ವಿಧಾನದಲ್ಲಿ ಅಭ್ಯಾಸ ಮಾಡಿದ್ದರೆ? ಅಧ್ಯಾಪಕರ ವಿಧಾನದಲ್ಲಿ ಎಡವುವ ಜಾಗ ಒಂದಿದ್ದರೆ ಎಲ್ಲರೂ ಅಲ್ಲಿಯೇ ಎಡವಬಹುದು. ಎಸ್ಕಲಾಂಟೆಯವರು ಹೇಳಿದ್ದು ಇದನ್ನೇ.

ಮಕ್ಕಳಿಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಕದ್ದಿದ್ದೀರಿ ಎಂದು ನೇರವಾಗಿ ಹೇಳಿದ್ದರೆ ಇಲ್ಲ ಎನ್ನಬಹುದಿತ್ತು. ಅನುಮಾನವಿದೆ ಎಂದವರಿಗೆ ಏನು ಹೇಳುವುದು? ಊರಿನ ಅನೇಕರಿಗೆ ಇದರಲ್ಲಿ ಇನ್ನೊಂದು ವಾಸನೆ ಬಡಿಯಿತು. ಉತ್ತರಪತ್ರಿಕೆಯ ಮೇಲೆ ಮೆಕ್ಸಿಕೊ ಹೆಸರುಗಳು, ಬಡವರ ಬಡಾವಣೆಯ ಶಾಲೆ. ಇವರಿಗೆ ಇಷ್ಟು ಅಂಕ ಹೇಗೆ ಬಂತು ಎಂಬುದೇ ನಿಜವಾದ ಪ್ರಶ್ನೆ ಎಂದು ಅವರು ಎಣಿಸಿದರು. ಸಂಸ್ಥೆ ಇದನ್ನು ಒಪ್ಪಲಿಲ್ಲ, ತಾನು ಉತ್ತರಗಳ ಹೊಂದಾಣಿಕೆಯನ್ನಷ್ಟೇ ನೋಡಿದ್ದೇನೆ ಎಂದಿತು. ಎರಡು ಕಡೆಯೂ ತಮ್ಮ ಮಟ್ಟಿಗೆ ಪ್ರಾಮಾಣಿಕರೇ ಆಗಿದ್ದಿರಬಹುದು. ಒಂದೇ ಅನುಮಾನ ಸಿರಿವಂತ ಬಡಾವಣೆಯ ಮಕ್ಕಳ ಮೇಲೆ ಬಂದಿದ್ದರೆ ಊರು ಹೇಗೆ ನೋಡುತ್ತಿತ್ತು ಎಂಬುದನ್ನು ಯಾರೂ ಪ್ರಯೋಗ ಮಾಡಿ ತೋರಿಸಲಾರರು.

ಅಂಕ ಬಿಟ್ಟುಕೊಟ್ಟರೆ ತಪ್ಪೊಪ್ಪಿಕೊಂಡಂತೆ. ಮತ್ತೆ ಬರೆಯಲು ಒಪ್ಪಿದರೆ ಅನುಮಾನವನ್ನು ಒಪ್ಪಿಕೊಂಡಂತೆ. ಬರೆದು ಸೋತರೆ ಎಲ್ಲವೂ ಮುಗಿದಂತೆ. ಅಷ್ಟು ಹೊತ್ತಿಗೆ ಶಾಲೆ ಮುಗಿದು ಎರಡು ತಿಂಗಳಾಗಿತ್ತು. ಕಲನಶಾಸ್ತ್ರ ಎರಡು ತಿಂಗಳು ಮುಟ್ಟದೆ ಬಿಟ್ಟರೆ ಏನಾಗುತ್ತದೆಂಬುದನ್ನು ದಸರಾ ರಜೆ ಕಳೆದು ಬಂದ ಯಾವ ಪಿ.ಯು.ಸಿ. ವಿದ್ಯಾರ್ಥಿಯಾದರೂ ಹೇಳಬಲ್ಲ. ಹದಿನಾಲ್ಕು ಮಂದಿಯಲ್ಲಿ ಇಬ್ಬರು ಮತ್ತೆ ಬರೆಯಲಿಲ್ಲ. ಹನ್ನೆರಡು ಮಂದಿ ಬರೆಯಲು ಗಟ್ಟಿಮನಸ್ಸು ಮಾಡಿದರು. ಓದಿಕೊಳ್ಳಲು ಸಿಕ್ಕ ಕಾಲ ಬಹಳ ಸ್ವಲ್ಪ. ಎಸ್ಕಲಾಂಟೆಯವರ ಜೊತೆ ಕುಳಿತು ಇಡೀ ವರ್ಷದ ಪಾಠವನ್ನು ಮತ್ತೊಮ್ಮೆ ತಿರುವಿಹಾಕಿದರು. ಆಗಸ್ಟ್ ತಿಂಗಳ ಕೊನೆಯಲ್ಲಿ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಮರುಪರೀಕ್ಷೆ ನಡೆಯಿತು.

ಹನ್ನೆರಡೂ ಮಂದಿ ಪಾಸು. ಹೆಚ್ಚಿನವರಿಗೆ ನಾಲ್ಕು ಅಥವಾ ಐದು. ಮೇ ತಿಂಗಳ ಅಂಕಗಳನ್ನು ಸಂಸ್ಥೆ ಅವರಿಗೆ ತಿರುಗಿ ಕೊಟ್ಟಿತು.

ಭಾಷಣಗಳಲ್ಲಿ ಕತೆ ಇಲ್ಲಿಗೆ ಮುಗಿಯುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಜೇ ಮ್ಯಾಥ್ಯೂಸ್ ಎಂಬ ಪತ್ರಕರ್ತರು ಚಪ್ಪಾಳೆಗೆ ತೃಪ್ತರಾಗಲಿಲ್ಲ. ವರ್ಷಗಟ್ಟಲೆ ಗಾರ್‌ಫೀಲ್ಡಿಗೆ ಓಡಾಡಿ, ಎಸ್ಕಲಾಂಟೆಯವರ ಮೇಲೆ ಒಂದು ದೊಡ್ಡ ಪುಸ್ತಕ ಬರೆದು 1988ರಲ್ಲಿ ಪ್ರಕಟಿಸಿದರು. ಅಮೆರಿಕದ ಅತ್ಯುತ್ತಮ ಅಧ್ಯಾಪಕ ಎಂದು ಶೀರ್ಷಿಕೆಯಲ್ಲಿಯೇ ಹೊಗಳಿದ ಪುಸ್ತಕ ಅದು. ಎಂದರೆ ಅವರು ವಿರೋಧಿಯಲ್ಲ, ಅಭಿಮಾನಿ. ಆದರೂ ಆರನೆಯ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಒಂಬತ್ತು ಉತ್ತರಪತ್ರಿಕೆಗಳಲ್ಲಿ ತೊಟ್ಟಿಯ ಲೆಕ್ಕದ ತಪ್ಪು ಒಂದೇ ರೀತಿ ಇತ್ತು. ಆ ಲೆಕ್ಕದ ಉತ್ತರ ಬರೆದ ಒಂದು ಚೀಟಿ ಪರೀಕ್ಷೆಯ ದಿನ ಕೈಯಿಂದ ಕೈಗೆ ಹೋಯಿತೆಂದು ಇಬ್ಬರು ವಿದ್ಯಾರ್ಥಿಗಳು ಅವರಿಗೆ ಹೇಳಿದರು. ಚೀಟಿಯಲ್ಲಿದ್ದ ಉತ್ತರವೇ ತಪ್ಪು! ಆ ಒಂಬತ್ತು ಮಂದಿ ಆ ಒಂದು ಪ್ರಶ್ನೆಗೆ ನಕಲು ಮಾಡಿದ್ದಾರೆ, ಆದರೆ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು, ನಕಲಿನ ಅಗತ್ಯವೇ ಇರಲಿಲ್ಲ ಎಂಬುದು ಮ್ಯಾಥ್ಯೂಸರ ತೀರ್ಮಾನ. ಮರುಪರೀಕ್ಷೆ ಬರೆದ ಹನ್ನೆರಡರಲ್ಲಿ ಈ ಒಂಬತ್ತೂ ಮಂದಿ ಸೇರಿದ್ದರು ಎಂಬುದನ್ನು ಮರೆಯಬಾರದು.

ಇದನ್ನು ಓದಿ ಕೆಲವರು, ಹಾಗಾದರೆ ಸಂಸ್ಥೆ ಹೇಳಿದ್ದೇ ಸರಿ ಎಂದರು. ಇನ್ನು ಕೆಲವರು, ಇಂಥ ಒಳ್ಳೆಯ ಕತೆಗೆ ಈ ಮಸಿ ಏಕೆ ಬಳಿಯಬೇಕಿತ್ತು ಎಂದರು. ಎರಡೂ ಅವಸರದ ಮಾತು. ಹದಿನೇಳು ವರ್ಷದ ಹುಡುಗ ಹುಡುಗಿಯರು ಪರೀಕ್ಷೆಯ ಕೊನೆಯ ಗಳಿಗೆಯಲ್ಲಿ ಹೆದರಿ ಒಂದು ಚೀಟಿಗೆ ಕೈಚಾಚಿದ್ದರೆ ಅದು ತಪ್ಪೇ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಚೀಟಿ ಅವರಿಗೆ ಕೊಟ್ಟಿದ್ದು ಒಂದು ತಪ್ಪುತ್ತರವನ್ನು. ತೇರ್ಗಡೆ ಮಾಡಿಸಿದ್ದು ಅದಲ್ಲ, ಶನಿವಾರದ ತರಗತಿಗಳು. ತಮ್ಮ ಮೇಲೆ ತಮಗಿರುವ ನಂಬಿಕೆ ಸ್ವಲ್ಪ ಕಡಿಮೆಯಾದಾಗ ಪಕ್ಕದವನ ಉತ್ತರ ಹೆಚ್ಚು ಸರಿಯೆಂದು ಕಾಣುವುದು ಎಲ್ಲ ಪರೀಕ್ಷಾ ಕೋಣೆಗಳಲ್ಲೂ ಉಂಟು. ಸರಿಯಾಗಿ ಬರೆದಿದ್ದುದನ್ನು ಹೊಡೆದು ಹಾಕಿ ಪಕ್ಕದವನ ತಪ್ಪನ್ನು ಬರೆದುಕೊಂಡ ಉತ್ತರಪತ್ರಿಕೆಗಳನ್ನು ಮೌಲ್ಯಮಾಪನಕ್ಕೆ ಹೋಗುವ ಯಾವ ಅಧ್ಯಾಪಕರೂ ಕಂಡಿರುತ್ತಾರೆ.

ಪುಸ್ತಕ ಬಂದ 1988ರಲ್ಲಿಯೇ ಸಿನಿಮಾ ಕೂಡ ಬಂತು. ‘ಸ್ಟಾಂಡ್ ಅಂಡ್ ಡೆಲಿವರ್’ ಎಂದು ಅದರ ಹೆಸರು. ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಎಸ್ಕಲಾಂಟೆಯವರ ಪಾತ್ರ ಮಾಡಿ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡರು. ನೋಡಬಹುದಾದ ಸಿನಿಮಾ, ಮಕ್ಕಳಿಗೆ ತೋರಿಸಬಹುದಾದ ಸಿನಿಮಾ. ಆದರೆ ಅದರಲ್ಲಿ ಒಂದು ಅಪಾಯವಿದೆ. ಭಿನ್ನರಾಶಿ ಕೂಡಲು ಬಾರದ ಹುಡುಗರು ನೋಡನೋಡುತ್ತ ಅನುಕಲನ ಮಾಡತೊಡಗುತ್ತಾರೆ. ಎರಡು ಗಂಟೆಯ ಚಿತ್ರಕ್ಕೆ ಅದು ಅನಿವಾರ್ಯವಿರಬಹುದು. ನಿಜ ಸಂಗತಿ ಬೇರೆ. ಎಸ್ಕಲಾಂಟೆಯವರು ಶಾಲೆಗೆ ಬಂದ ಮೇಲೆ ಮೊದಲ ಕಲನಶಾಸ್ತ್ರ ತರಗತಿ ಶುರುವಾಗಲು ನಾಲ್ಕು ವರ್ಷ ಹಿಡಿಯಿತು. ಅದಾಗಿ ಹದಿನೆಂಟು ಮಂದಿ ಪಾಸಾಗಲು ಇನ್ನೂ ನಾಲ್ಕು ವರ್ಷ. ಆ ಹದಿನೆಂಟು ಮಂದಿ ಭಿನ್ನರಾಶಿಯಿಂದ ಹಾರಿ ಬಂದವರಲ್ಲ. ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿಗಳನ್ನು ಒಂದೊಂದಾಗಿ ದಾಟಿ ಬಂದವರು. ಬೆನ್ ಹಿಮೆನೆಸ್ ಎಂಬ ಸಹೋದ್ಯೋಗಿ ಜೊತೆಗೆ ದುಡಿದರು. ಕೆಳಗಿನ ತರಗತಿಗಳ ಶಾಲೆಗಳಲ್ಲಿಯೂ ಬೀಜಗಣಿತ ಕಲಿಸುವಂತೆ ಎಸ್ಕಲಾಂಟೆಯವರು ಬೆನ್ನುಹತ್ತಿದರು. ಸಿನಿಮಾ ನೂರಕ್ಕೆ ತೊಂಬತ್ತು ನಿಜ, ಹತ್ತು ನಾಟಕ ಎಂದು ಅವರೇ ಹೇಳುತ್ತಿದ್ದರು. ಆ ಹತ್ತು ಪಾಲೇ ಎಲ್ಲರ ನೆನಪಿನಲ್ಲಿ ಉಳಿಯಿತು. ಸಿ.ಇ.ಟಿ.ಗೆ ಮಾರ್ಚಿಯಲ್ಲಿ ಟ್ಯೂಷನ್ನಿಗೆ ಸೇರಿಸಿ, ಹೇಗಾದರೂ ಮಾಡಿ ಸರ್ ಎನ್ನುವ ತಂದೆತಾಯಿಗಳು ಈ ಎಂಟು ವರ್ಷದ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಅನುಮಾನದಿಂದ ಗಾರ್‌ಫೀಲ್ಡಿಗೆ ಕೆಡುಕಾಗಲಿಲ್ಲ. 1983ರಲ್ಲಿ 33 ಮಂದಿ ಕಲನಶಾಸ್ತ್ರದ ಪರೀಕ್ಷೆ ಬರೆದರು, 30 ಮಂದಿ ಪಾಸಾದರು. 1987ರಲ್ಲಿ ಮೊದಲ ಮಟ್ಟದ ಪರೀಕ್ಷೆಯಲ್ಲಿ 73, ಅದಕ್ಕೂ ಮೇಲಿನ ಮಟ್ಟದಲ್ಲಿ 12 ಮಂದಿ ತೇರ್ಗಡೆಯಾದರು. ಇಡೀ ಅಮೆರಿಕದಲ್ಲಿ ಆ ವರ್ಷ ಈ ಪರೀಕ್ಷೆ ಪಾಸು ಮಾಡಿದ ಮೆಕ್ಸಿಕೊ ಮೂಲದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 27 ಮಂದಿ ಈ ಒಂದೇ ಶಾಲೆಯವರು. ಈ ಅಂಕಿಯನ್ನು ಎರಡು ರೀತಿ ಓದಬಹುದು. ಗಾರ್‌ಫೀಲ್ಡಿಗೆ ಅದು ಹೆಮ್ಮೆ. ಅಷ್ಟು ದೊಡ್ಡ ದೇಶದ ಉಳಿದ ಶಾಲೆಗಳು ಏನು ಮಾಡುತ್ತಿದ್ದವು ಎಂದು ಕೇಳಿದರೆ ಅದೇ ಅಂಕಿ ತಲೆತಗ್ಗಿಸುವಂಥದ್ದು. ಬೇರೆ ವಿಷಯಗಳಿಗೂ ಗಾಳಿ ಹಬ್ಬಿ, 1991ರಲ್ಲಿ ಗಣಿತ ಮತ್ತಿತರ ವಿಷಯಗಳ ಈ ಬಗೆಯ ಪರೀಕ್ಷೆ ಬರೆದ ಗಾರ್‌ಫೀಲ್ಡ್ ಮಕ್ಕಳ ಸಂಖ್ಯೆ 570 ಮುಟ್ಟಿತು.

ಆ ವರ್ಷವೇ ಎಸ್ಕಲಾಂಟೆಯವರು ಗಾರ್‌ಫೀಲ್ಡ್ ಬಿಟ್ಟರು. ಹೆಸರು ಬಂದ ಮೇಲೆ ಶಾಲೆಗೆ ಬರುವ ಅತಿಥಿಗಳು ಹೆಚ್ಚಾದರು, ಕ್ಯಾಮರಾಗಳು ಹೆಚ್ಚಾದವು, ಸಹೋದ್ಯೋಗಿಗಳಲ್ಲಿ ಮುನಿಸೂ ಹೆಚ್ಚಾಯಿತು. ತರಗತಿಯಲ್ಲಿ 35 ಮಕ್ಕಳಿಗಿಂತ ಹೆಚ್ಚು ಇರಬಾರದೆಂದು ಅಧ್ಯಾಪಕರ ಸಂಘದ ಕರಾರು; ಅವರ ತರಗತಿಯಲ್ಲಿ ಐವತ್ತು ದಾಟುತ್ತಿತ್ತು. ಸಂಘದ ನಿಯಮ ಮಕ್ಕಳ ಹಿತಕ್ಕಾಗಿಯೇ ಆದದ್ದು. ಬಂದ ಮಗುವನ್ನು ಹೊರಗೆ ಕಳುಹಿಸಲಾರೆ ಎಂಬ ಅಧ್ಯಾಪಕರ ಹಟವೂ ಮಕ್ಕಳ ಹಿತಕ್ಕಾಗಿಯೇ. ಇಂಥ ಜಗಳದಲ್ಲಿ ಗೆಲ್ಲುವವರಿಲ್ಲ. 1990ರಲ್ಲಿ ಗಣಿತ ವಿಭಾಗದ ಮುಖ್ಯಸ್ಥರ ಸ್ಥಾನ ಅವರ ಕೈತಪ್ಪಿತ್ತು. ಅದಕ್ಕೆ ಮೊದಲೇ, 1987ರಲ್ಲಿ, ಗ್ರಾದಿಯಾಸರು ತಮ್ಮ ಸಂಶೋಧನೆ ಮುಗಿಸಲು ರಜೆಯ ಮೇಲೆ ಹೋಗಿದ್ದರು. ಹಿಂದಿರುಗಿದಾಗ ಗಾರ್‌ಫೀಲ್ಡಿನ ಹೊಣೆ ಅವರಿಗೆ ಮತ್ತೆ ಸಿಗಲಿಲ್ಲ. ಹಿಮೆನೆಸ್ ಕೂಡ ಹೊರಟರು. ಕಟ್ಟಲು ಹದಿನೈದು ವರ್ಷ ಹಿಡಿದದ್ದು ಕರಗಲು ಐದಾರು ವರ್ಷ ಸಾಕಾಯಿತು. ಕಲನಶಾಸ್ತ್ರದಲ್ಲಿ ಪಾಸಾಗುವವರ ಸಂಖ್ಯೆ 1990ರ ದಶಕದ ನಡುವಿಗೆ ಬಹಳ ಕೆಳಗಿಳಿಯಿತು. ಮಕ್ಕಳು ಅದೇ ಬಡಾವಣೆಯವರು, ಅದೇ ಬುದ್ಧಿಯವರು.

ಎಸ್ಕಲಾಂಟೆಯವರು ಸ್ಯಾಕ್ರಮೆಂಟೊ ನಗರದ ಇನ್ನೊಂದು ಹೈಸ್ಕೂಲಿನಲ್ಲಿ ಕೆಲವು ವರ್ಷ ಕಲಿಸಿ ನಿವೃತ್ತರಾದರು, ಬೊಲಿವಿಯಾಕ್ಕೆ ಮರಳಿ ಅಲ್ಲಿಯೂ ಕಲಿಸಿದರು. 2010ರಲ್ಲಿ ಕ್ಯಾನ್ಸರ್ ಬಂದಾಗ ಚಿಕಿತ್ಸೆಯ ಖರ್ಚಿಗೆ ಹಣ ಕೂಡಿಸಲು ಹಳೆಯ ವಿದ್ಯಾರ್ಥಿಗಳೂ ನಟ ಓಲ್ಮೋಸರೂ ಮುಂದೆ ನಿಂತರು. ಪರೀಕ್ಷಾ ಶುಲ್ಕಕ್ಕೆಂದು ಹಿಂದೆ ಅವರು ಹಣ ಎತ್ತಿದ ಹಾಗೆ ಈಗ ಇವರು ಎತ್ತಿದರು, ಈ ಬಾರಿ ಯಾರೂ ಅಪ್ಪಣೆ ಕೇಳಲಿಲ್ಲ. ಆ ವರ್ಷ ಮಾರ್ಚ್ 30ರಂದು ಎಸ್ಕಲಾಂಟೆಯವರು ತೀರಿಕೊಂಡರು. 2016ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ತಲೆಗೆ ಟೋಪಿ, ಬೆನ್ನ ಹಿಂದೆ ಕರಿಹಲಗೆ, ಹಲಗೆಯ ಮೇಲೆ ಕಲನಶಾಸ್ತ್ರದ ಚಿಹ್ನೆಗಳು.